ಟ್ರ್ಯಾಕ್ ಲೋಡರ್ ಹಿಂದೆ ಹಿಚ್ ಹಾಕಿಸಿದೆ, ತಿರುಗಿಸಿದಾಗ ಟ್ರೇಲರ್ ಮೂಕಿ ಸೊಟ್ಟ ಆಯ್ತು. ಏನು ಮಾಡಲಿ?

ಕೆಂಪುಮಣ್ಣು:
ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ. ಏಳು ಎಕರೆ ಜಾಗ, ಅರ್ಧಕ್ಕರ್ಧ ಕಾಡು. ಮಣ್ಣು ನಮ್ಮೂರಿನ ಹಾಗೇ ಕೆಂಪು, ಮಳೆ ಬಿದ್ದರೆ ಕಾಲು ಜಾರುತ್ತೆ. ಅದಕ್ಕೇ ಟೈರಿನದ್ದು ಬೇಡ ಅಂತ ಚಕ್ರದ ಬದಲು ರಬ್ಬರ್ ಟ್ರ್ಯಾಕ್ (ಸುತ್ತುವ ಪಟ್ಟಿ) ಇರುವ, ಮುಂದೆ ಬಕೆಟ್ ಇರುವ ಸಣ್ಣ ಲೋಡರ್ ಒಂದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ.

ಸೌದೆ ಹೇರಲು ಸಣ್ಣ ಟ್ರೇಲರ್ ಇದೆ. ತುಂಬಿದಾಗ ಸುಮಾರು 900 ಕೆಜಿ. ಅದನ್ನು ಎಳೆಯೋಣ ಅಂತ ಲೋಡರ್‌ನ ಹಿಂದಿನ ಬಂಪರ್‌ಗೆ ಪ್ಲೇಟ್ ವೆಲ್ಡ್ ಮಾಡಿಸಿ 2 ಇಂಚಿನ ಬಾಲ್ (ಟ್ರೇಲರ್ ಮೂಕಿ ಸಿಕ್ಕಿಸುವ ಗುಂಡು) ಕೂರಿಸಿದೆ. ನೇರ ಹೋದರೆ ಏನೂ ತೊಂದರೆ ಇಲ್ಲ. ಮರಗಳ ನಡುವೆ ತಿರುಗಿಸಿದ ತಕ್ಷಣ ಟ್ರೇಲರ್ ಮೂಕಿ ಬಂದು ಟ್ರ್ಯಾಕ್‌ಗೆ ಬಡಿಯುತ್ತೆ. ನಿನ್ನೆ ಮೂಕಿಯೇ ಸೊಟ್ಟ ಆಯ್ತು. ವೆಲ್ಡ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕೂ ಕಾಣ್ತಿದೆ. ಬಾಲ್ ಅಡ್ಡ ಬರೋದ್ರಿಂದ ಇಂಜಿನ್ ಬಾಗಿಲೂ ಪೂರ್ತಿ ತೆಗೆಯೋಕಾಗ್ತಿಲ್ಲ.

ಇನ್ನೂ ದಪ್ಪ ಪ್ಲೇಟ್ ಹಾಕಿಸಿದರೆ ಸರಿ ಹೋಗುತ್ತಾ?

ಹಟ್ಟಿಮನೆ:
ಲೋಡರ್ ಬಗ್ಗೆ ನನಗೆ ಅನುಭವ ಇಲ್ಲ ಸರ್, ಹಾಸನದ ಕಡೆ ಟ್ರ್ಯಾಕ್ಟರ್ ಓಡಿಸುವವನು. ನಮ್ಮಲ್ಲಿ ಟ್ರೇಲರ್ ಪಿನ್ನು ಹಿಂದಿನ ಆಕ್ಸಲ್‌ಗಿಂತ ಕೆಳಗೇ ಇರಬೇಕು. ಮೇಲೆ ಕಟ್ಟಿದರೆ ಏರಿನಲ್ಲಿ ಮುಂದಿನ ಚಕ್ರ ಎದ್ದುಬಿಡುತ್ತೆ, ಜೀವಕ್ಕೇ ಅಪಾಯ. ನಿಮ್ಮ ಬಾಲ್ ಎಷ್ಟು ಎತ್ತರದಲ್ಲಿದೆ?

ಇನ್ನೊಂದು, ಸೌದೆ ಹೇಗೆ ಜೋಡಿಸ್ತೀರಿ? ಎತ್ತಿನ ಗಾಡಿ ಥರಾನೇ ಇದು. ಹಿಂದೆ ಭಾರ ಆದರೆ ಮೂಕಿ ಏಳುತ್ತೆ, ಮುಂದೆ ಭಾರ ಆದರೆ ಎತ್ತಿನ ಹೆಗಲು ನೋಯುತ್ತೆ.

ಬೆಂಕಿಕಿಡಿ:
ಹಟ್ಟಿಮನೆ ಅಣ್ಣ ಹೇಳಿದ್ದು ಸರಿ. ಮೂಕಿ ಮೇಲೆ ಒಟ್ಟು ಭಾರದ ಶೇ. 10ರಿಂದ 15 ಇರಬೇಕು. 900 ಕೆಜಿಗೆ ಅಂದ್ರೆ 90ರಿಂದ 135 ಕೆಜಿ. ಆದರೆ ಇಲ್ಲಿ ಮೂಕಿ ಸೊಟ್ಟ ಆಗಿದ್ದು ಭಾರದಿಂದ ಅಲ್ಲ.

ಕೆಂಪುಮಣ್ಣು ಅವ್ರೇ, ದಯವಿಟ್ಟು ದಪ್ಪ ಪ್ಲೇಟ್ ಹಾಕಿಸಬೇಡಿ. ಪ್ಲೇಟ್ ಗಟ್ಟಿಯಾದರೆ ಮುಂದಿನ ಸಲ ಟ್ರೇಲರ್ ಮುರಿಯುತ್ತೆ, ಇಲ್ಲಾ ಬಂಪರ್ ಕಿತ್ತು ಬರುತ್ತೆ. ಟ್ರ್ಯಾಕ್ಟರ್, ಪಿಕಪ್ ಎಲ್ಲ ಮುಂದಿನ ಚಕ್ರ ಹೊರಳಿಸಿ ತಿರುಗುತ್ತವೆ. ಅವುಗಳ ಹಿಂಭಾಗ ನಿಧಾನಕ್ಕೆ ಸರಿಯುತ್ತೆ. ಟ್ರ್ಯಾಕ್ ಲೋಡರ್ ಹಾಗಲ್ಲ. ಒಂದು ಕಡೆಯ ಟ್ರ್ಯಾಕ್ ನಿಧಾನ ಮಾಡಿ, ಇಲ್ಲಾ ಉಲ್ಟಾ ತಿರುಗಿಸಿ, ನಿಂತಲ್ಲೇ ಹೊರಳುತ್ತೆ. ನೀವು ಬಲಕ್ಕೆ ತಿರುಗಿಸಿದಾಗ ಹಿಂಭಾಗ ಫಟ್ ಅಂತ ಎಡಕ್ಕೆ ಬೀಸುತ್ತೆ. ಹಿಚ್ ಇರುವುದೇ ಆ ತುದಿಯಲ್ಲಿ. ಟ್ರೇಲರ್ ಚಕ್ರ ಪಕ್ಕಕ್ಕೆ ಉರುಳಲ್ಲ, ಅಲ್ವಾ? ಆ ಅಡ್ಡ ಬಲವೆಲ್ಲ ಮೂಕಿಗೆ ಮತ್ತು ನಿಮ್ಮ ವೆಲ್ಡಿಗೆ ಬೀಳುತ್ತೆ.

ಬಿರುಕು ಬಿಟ್ಟ ಪ್ಲೇಟಿನಲ್ಲಿ ಇನ್ನು ಎಳೆಯಲೇಬೇಡಿ. ಅದನ್ನು ಕತ್ತರಿಸಿ ತೆಗೆಸಿ. ಹಿಂದಿನ ಬಂಪರ್ ಯಾವ ಲೋಹದ್ದು ಅಂತಲೂ ನೋಡಿ. ಕೆಲವು ಯಂತ್ರಗಳ ಹಿಂದೆ ತೂಕಕ್ಕೆ ಅಂತ ಬೀಡು ಕಬ್ಬಿಣ ಇಟ್ಟಿರುತ್ತಾರೆ. ಮಾಮೂಲಿ ರಾಡಿನಲ್ಲಿ ಬೆಸೆದರೆ ಅದು ವೆಲ್ಡ್ ಪಕ್ಕದಲ್ಲೇ ಬಿರುಕು ಬಿಡುತ್ತೆ.

ನನ್ನ ಸಲಹೆ: ಹಿಚ್ಚನ್ನು ಮುಂದಕ್ಕೆ ತನ್ನಿ. ಬಕೆಟ್ ಸಿಕ್ಕಿಸುವ ಕ್ವಿಕ್ ಅಟ್ಯಾಚ್ ಇದೆಯಲ್ಲ, ಅದಕ್ಕೆ ಹೊಂದುವ ಖಾಲಿ ಪ್ಲೇಟ್ ನಿಮ್ಮಲ್ಲಿ ಸುಲಭವಾಗಿ ಸಿಗುತ್ತೆ. ಅದಕ್ಕೆ 2 ಇಂಚಿನ ರಿಸೀವರ್ ಟ್ಯೂಬ್ (ಬಾಲ್ ಇರುವ ಕಂಬಿಯನ್ನು ತೂರಿಸುವ ಚೌಕ ಕೊಳವೆ) ಬೆಸೆಸಿ. ಟ್ಯೂಬಿನ ಗೋಡೆ ಕಾಲು ಇಂಚು ದಪ್ಪ ಇರಲಿ, ಮೇಲೆ ಕೆಳಗೆ ತ್ರಿಕೋನದ ಆಸರೆ ಪಟ್ಟಿ ಕೊಡಿಸಿ. ಪ್ಲೇಟನ್ನು ಬಿಚ್ಚಿ ನೆಲದ ಮೇಲಿಟ್ಟು ಬೆಸೆಯಬಹುದು, ಇದೇ ದೊಡ್ಡ ಲಾಭ. ಯಂತ್ರದ ಮೇಲೇ ವೆಲ್ಡ್ ಮಾಡುವುದಾದರೆ ಬ್ಯಾಟರಿ ಬಿಚ್ಚಬೇಕು, ಅರ್ಥ್ ಕ್ಲಾಂಪ್ ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಬೇಕು. ಇಲ್ಲದಿದ್ದರೆ ಕರೆಂಟು ಬೇರಿಂಗ್, ಕಂಪ್ಯೂಟರ್ ಮೂಲಕ ಹಾದು ಅವನ್ನೇ ಸುಡಬಹುದು.

ಕೆಂಪುಮಣ್ಣು:
ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ವೆಲ್ಡ್ ಮಾಡಿಸುವಾಗ ಬ್ಯಾಟರಿ ಬಿಚ್ಚಿರಲಿಲ್ಲ, ಪುಣ್ಯಕ್ಕೆ ಏನೂ ಆಗಿಲ್ಲ. ಹಟ್ಟಿಮನೆ ಅವ್ರೇ, ಬಾಲ್ ಮೊಣಕಾಲಿನ ಎತ್ತರದಲ್ಲಿತ್ತು, ಸೌದೆ ಹಿಂದಕ್ಕೆ ಜಾಸ್ತಿ ಹಾಕ್ತಿದ್ದೆ. ಮುಂದೆ ಹಿಚ್ ಹಾಕಿದರೂ ಮೂತಿ ಬೀಸುತ್ತಲ್ಲ ಸರ್? ಎಳೆಯಬೇಕಾದರೆ ಇಡೀ ದಾರಿ ರಿವರ್ಸ್ ಹೋಗಬೇಕಾ?

ಬೆಂಕಿಕಿಡಿ:
ಹೌದು, ಬೀಸುತ್ತೆ. ಆದರೆ ಅಲ್ಲಿ ಮೂಕಿಗೆ ತಾಗಲು ಟ್ರ್ಯಾಕ್ ಇಲ್ಲ, ಬಾಲ್ ನಿಮ್ಮ ಕಣ್ಣೆದುರೇ ಇರುತ್ತೆ. ಜಾಕ್ ಇಲ್ಲದೆ ಮೂಕಿ ಎತ್ತಬಹುದು. ಟ್ರೇಲರನ್ನು ಶೆಡ್ಡಿನ ಮೂಲೆಗೆ ತಳ್ಳಿ ಇಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದೂರ ಹೋಗಬೇಕಾದರೆ ಪಿಕಪ್‌ಗೇ ಕಟ್ಟಿ. ಕಾಡಿನೊಳಗಿಂದ ಸೌದೆ ತರೋಕೆ ಟ್ರೇಲರ್ ಯಾಕೆ ಬೇಕು? ಪ್ಯಾಲೆಟ್ ಫೋರ್ಕ್ (ಬಕೆಟ್ ಬದಲು ಸಿಕ್ಕಿಸುವ ಎರಡು ಕವಲು) ಮೇಲೆ ಸೌದೆಯ ಕಟ್ಟು ಇಟ್ಟು, ನೆಲಕ್ಕೆ ಹತ್ತಿರ ಹಿಡಿದು ತನ್ನಿ. ಕಾಡಿನ ಅಂಚಿನಲ್ಲಿ ಟ್ರೇಲರಿಗೆ ತುಂಬಿ.

ಮೂರು ವಿಷಯ ಮಾತ್ರ ಮರೆಯಬೇಡಿ. ಪ್ಲೇಟ್ ಸಿಕ್ಕಿಸಿದ ಮೇಲೆ ಕೆಳಗಿಳಿದು, ಕ್ವಿಕ್ ಅಟ್ಯಾಚ್‌ನ ಎರಡೂ ಲಾಕ್ ಪಿನ್ನು ಪ್ಲೇಟಿನ ತೂತಿನಿಂದ ಆಚೆ ಬಂದಿವೆಯಾ ಅಂತ ಕಣ್ಣಾರೆ ನೋಡಿ. ಲಿವರ್ ಕೆಳಗಿದೆ ಅಂದ ಮಾತ್ರಕ್ಕೆ ಲಾಕ್ ಆಗಿದೆ ಅಂತಲ್ಲ. ಬಾಲ್‌ಗೆ ಮೂಕಿ ಸಿಕ್ಕಿಸಿದ ಮೇಲೆ ಲೋಡರ್ ತೋಳನ್ನು ಕೆಳಕ್ಕೆ ಒತ್ತಬೇಡಿ, ಪ್ಲೇಟ್ ವಾಲಿಸಬೇಡಿ. ಹೈಡ್ರಾಲಿಕ್ ಬಲದ ಮುಂದೆ ಮೂಕಿ ಕಡ್ಡಿ ಇದ್ದ ಹಾಗೆ. ಇಳಿಜಾರಿನಲ್ಲಿ, ಅದೂ ಒದ್ದೆ ಮಣ್ಣಿನಲ್ಲಿ, ತುಂಬಿದ ಟ್ರೇಲರ್ ತರಲೇಬೇಡಿ. ಅದು ಲೋಡರನ್ನೇ ತಳ್ಳಿಕೊಂಡು ಹೋಗುತ್ತೆ.

ಕೆಂಪುಮಣ್ಣು (ಎರಡು ವಾರದ ನಂತರ):
ಹಳೆಯ ಪ್ಲೇಟ್ ಕತ್ತರಿಸಿ ತೆಗೆಸಿದೆ. ಇಂಜಿನ್ ಬಾಗಿಲು ಈಗ ಪೂರ್ತಿ ತೆಗೆಯುತ್ತೆ. ರೇಡಿಯೇಟರ್ ತುಂಬ ಎಲೆ, ಹೊಟ್ಟು ತುಂಬಿತ್ತು, ಅದನ್ನೂ ತೆಗೆದೆ. ಮುಂದಿನ ಪ್ಲೇಟಿಗೆ ರಿಸೀವರ್ ಹಾಕಿಸಿ ನಿನ್ನೆ ಟ್ರೇಲರನ್ನು ಶೆಡ್ಡಿಗೆ ತಳ್ಳಿದೆ, ಒಂದೇ ಸಲಕ್ಕೆ ಒಳಗೆ ಹೋಯ್ತು. ಮೊದಲ ಸಲ ಸಿಕ್ಕಿಸಿದಾಗ ಬಲಗಡೆ ಪಿನ್ನು ನಿಜಕ್ಕೂ ಅರ್ಧಕ್ಕೇ ನಿಂತಿತ್ತು ಸರ್, ಮಣ್ಣು ಗಟ್ಟಿಯಾಗಿ ಕೂತಿತ್ತು. ನೀವು ಹೇಳದಿದ್ದರೆ ನಾನು ಇಳಿದು ನೋಡ್ತಿರಲಿಲ್ಲ.

ಹಟ್ಟಿಮನೆ:
ಆ ಪಿನ್ನಿಗೆ ಗ್ರೀಸ್ ಹಚ್ಚಿ ಬಿಡಿ ಸರ್. ಸೊಟ್ಟ ಆದ ಮೂಕಿಯನ್ನು ಬಿಸಿ ಮಾಡಿ ನೇರ ಮಾಡಿಸೋಕೆ ಹೋಗಬೇಡಿ, ಹೊಸದೇ ಹಾಕಿಸಿ.