ಸಸ್ಯಾಹಾರಿಗೆ ಮಾಂಸಖಂಡ ಬೆಳೆಸಲು ಪ್ರೋಟೀನ್ ಪುಡಿ ಬೇಕೇ ಬೇಕೇ?

ಪ್ರಶ್ನೆ (ಮಣಿಪಾಲದಿಂದ)

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ತೂಕ 58 ಕಿಲೋ. ಕೆಲಸ ಮಣಿಪಾಲದಲ್ಲಿ, ಮನೆ ಉಡುಪಿಯ ಹತ್ತಿರ. ಎಂಟು ತಿಂಗಳಿಂದ ವಾರಕ್ಕೆ ನಾಲ್ಕು ದಿನ ತಪ್ಪದೆ ಜಿಮ್‌ಗೆ ಹೋಗುತ್ತಿದ್ದೇನೆ. ಮೊದಲ ನಾಲ್ಕು ತಿಂಗಳು ಎತ್ತುವ ಭಾರ ವಾರದಿಂದ ವಾರಕ್ಕೆ ಏರುತ್ತಿತ್ತು. ಆಮೇಲೆ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆತ್ತುವುದು) 45 ಕಿಲೋದಲ್ಲಿ ನಿಂತದ್ದು ಇನ್ನೂ ಕದಲಿಲ್ಲ. ತೂಕವೂ ಅಷ್ಟೇ, ತೋಳಿನ ಸುತ್ತಳತೆಯೂ ಅಷ್ಟೇ.

ಸಸ್ಯಾಹಾರಿಗೆ ಪುಡಿ ಇಲ್ಲದೆ ಮೈ ತುಂಬುವುದಿಲ್ಲ ಎಂಬುದು ನಮ್ಮ ತರಬೇತುದಾರರ ಮಾತು. ಮೂರು ಕಿಲೋದ ಮಾಸ್ ಗೇನರ್ (ತೂಕ ಏರಿಸುವ ಪುಡಿ) ಒಂದನ್ನು ತೋರಿಸಿ, ಅದಾಗದಿದ್ದರೆ ತಿಂಗಳಿಗೆ ಒಂದು ಕಿಲೋ ವೇ ಪ್ರೋಟೀನ್ (ಹಾಲಿನಿಂದ ಮಾಡಿದ ಪುಡಿ) ಆದರೂ ತೆಗೆದುಕೊಳ್ಳಬೇಕು ಎಂದಿದ್ದಾರೆ. ವೇ ಪುಡಿಗೆ ಸುಮಾರು 2,500 ರೂಪಾಯಿ ಆಗುತ್ತದೆ. ಸಕ್ಕರೆ ಕಾಯಿಲೆಯಿದ್ದ ನನ್ನ ದೊಡ್ಡ ಮಾವ ಕೊನೆಗೆ ಡಯಾಲಿಸಿಸ್‌ವರೆಗೂ ಹೋಗಬೇಕಾಗಿ ಬಂದುದರಿಂದ, ಡಬ್ಬಿಯ ಮಾತೆತ್ತಿದರೆ ಸಾಕು, ಅಮ್ಮ ಕಿಡ್ನಿ ಹಾಳಾಗುತ್ತದೆ ಎಂದು ಹೆದರುತ್ತಾರೆ.

ಬೆಳಿಗ್ಗೆ ನಾಲ್ಕು ನೀರುದೋಸೆ ಅಥವಾ ಅವಲಕ್ಕಿ, ಮಧ್ಯಾಹ್ನ ಮೆಸ್ಸಿನಲ್ಲಿ ಅನ್ನ, ಸಾರು, ಒಂದು ಪಲ್ಯ, ಮಜ್ಜಿಗೆ, ಸಂಜೆ ಚಹಾದೊಂದಿಗೆ ಬನ್ಸ್ ಅಥವಾ ಬಾಳೆಹಣ್ಣು, ರಾತ್ರಿ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು ಇಲ್ಲವೇ ಕೊದ್ದೆಲು, ಮೊಸರು: ಇದು ನನ್ನ ದಿನದ ಊಟ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಈ ಸ್ಥಿತಿಯಲ್ಲಿ ಪುಡಿಗೆ ಹಣ ಹಾಕುವುದು ಸಾರ್ಥಕವೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಆಹಾರತಜ್ಞೆ, ಮಂಗಳೂರು)

ಊಟವನ್ನು ಇಷ್ಟು ಬಿಡಿಸಿ ಬರೆದಿರುವುದರಿಂದ ಲೆಕ್ಕ ಹಾಕಿಯೇ ಉತ್ತರಿಸಬಹುದು. ದೋಸೆ, ಅನ್ನ ಎಲ್ಲ ಸೇರಿ ದಿನಕ್ಕೆ 300 ಗ್ರಾಂ ಅಕ್ಕಿ ಎಂದುಕೊಂಡರೆ ಅದರಿಂದ ಸುಮಾರು 22 ಗ್ರಾಂ ಪ್ರೋಟೀನ್ ಸಿಗುತ್ತದೆ. ಸಾರು ಮತ್ತು ಪಲ್ಯದಿಂದ ಹತ್ತು ಗ್ರಾಂ, ಮೊಸರು, ಮಜ್ಜಿಗೆ ಹಾಗೂ ಚಹಾದ ಹಾಲಿನಿಂದ ಎಂಟು, ಚಟ್ನಿ ಮತ್ತು ಬನ್ಸ್‌ನಿಂದ ನಾಲ್ಕೈದು ಎಂದು ಹಿಡಿದರೆ ಒಟ್ಟು 45 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಇರಬೇಕು. ನಿಮ್ಮ ತೂಕಕ್ಕೆ ಅದು 48 ಗ್ರಾಂ. ಅಂದರೆ ಭಾರ ಎತ್ತದೆ ಕುಳಿತಿರುವವರಿಗೆ ಹೇಳಿದ ಪ್ರಮಾಣಕ್ಕೂ ನೀವು ಸ್ವಲ್ಪ ಹಿಂದೆಯೇ ಇದ್ದೀರಿ.

ಭಾರ ಎತ್ತುವವರಿಗೆ ಎಷ್ಟು ಬೇಕು ಎಂಬುದಕ್ಕೆ ಈವರೆಗೆ ಬಂದಿರುವ ಒಳ್ಳೆಯ ಆಧಾರಗಳಲ್ಲಿ ಒಂದು 2018ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ. 49 ಪ್ರಯೋಗಗಳ 1,863 ಮಂದಿಯ ಫಲಿತಾಂಶಗಳನ್ನು ಅದರಲ್ಲಿ ಒಟ್ಟುಗೂಡಿಸಿ ನೋಡಿದ್ದರು. ವ್ಯಾಯಾಮದೊಂದಿಗೆ ಹೆಚ್ಚುವರಿ ಪ್ರೋಟೀನ್ ತೆಗೆದುಕೊಂಡವರಿಗೆ ಲಾಭವಾದದ್ದು ನಿಜ, ಆದರೆ ಆ ಲಾಭ ಕೊಬ್ಬನ್ನು ಬಿಟ್ಟ ದೇಹತೂಕದಲ್ಲಿ ಸರಾಸರಿ 0.3 ಕಿಲೋ, ಒಮ್ಮೆ ಎತ್ತಬಲ್ಲ ಗರಿಷ್ಠ ಭಾರದಲ್ಲಿ ಸರಾಸರಿ ಎರಡೂವರೆ ಕಿಲೋ ಮಾತ್ರ. ಉಳಿದ ಬೆಳವಣಿಗೆಯೆಲ್ಲ ವ್ಯಾಯಾಮದಿಂದಲೇ ಬಂದದ್ದು. ದಿನದ ಒಟ್ಟು ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 1.6 ಗ್ರಾಂ ಮುಟ್ಟಿದ ಮೇಲೆ ಇನ್ನೂ ಸೇರಿಸಿದರೆ ಮಾಂಸಖಂಡಕ್ಕೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನಿಮ್ಮ ಲೆಕ್ಕದಲ್ಲಿ ಅದು 93 ಗ್ರಾಂ. ಪೌಷ್ಟಿಕತೆ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯೂ ಇದೇ 1.6ರ ಮಿತಿಯನ್ನು ಹೇಳಿ, ಮೈ ಬೆಳೆಸಲು ಪುಡಿಗಳನ್ನು ಬಳಸದಿರುವುದೇ ಒಳ್ಳೆಯದೆಂದು ಸೂಚಿಸುತ್ತದೆ. ಪುಡಿಯ ಬಗ್ಗೆ ನಾನು ಅಷ್ಟು ಕಠಿಣವಾಗಿಲ್ಲ. ಆದರೆ ನಿಮಗೆ ಕೊರತೆಯಾಗಿರುವ 48 ಗ್ರಾಂ ಎಲ್ಲಿಂದ ಬರಬೇಕು ಎಂಬುದನ್ನು ಮೊದಲು ಅಡುಗೆಮನೆಯಲ್ಲಿ ಹುಡುಕಬೇಕು ಎಂಬುದೇ ನನ್ನ ಅಭಿಪ್ರಾಯವೂ ಆಗಿದೆ.

ನಮ್ಮ ಕರಾವಳಿಯ ಸಸ್ಯಾಹಾರದ ಒಂದು ದೊಡ್ಡ ನಷ್ಟ ಹುರುಳಿ ಸಾರಿನಲ್ಲಿಯೇ ಇದೆ. ಹುರುಳಿಯನ್ನು ಬೇಯಿಸಿ, ಕಟ್ಟನ್ನು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡುತ್ತೇವೆ. ಕಾಳು ಮಾತ್ರ ಪಾತ್ರೆಯ ತಳದಲ್ಲಿ ಉಳಿಯುತ್ತದೆ, ಹಲವು ಮನೆಗಳಲ್ಲಿ ಅದು ಹಟ್ಟಿಗೆ ಹೋಗುತ್ತದೆ. ಕಟ್ಟಿಗೆ ರುಚಿಯಿದೆ, ಪ್ರೋಟೀನಿನ ಬಹುಪಾಲು ಇರುವುದು ಕಾಳಿನಲ್ಲಿ. 100 ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ. ಕಂಬಳದ ಕೋಣಗಳನ್ನು ಸಾಕುವವರು ಅವಕ್ಕೆ ಹುರುಳಿಯನ್ನೇ ಬೇಯಿಸಿ ತಿನ್ನಿಸುವುದನ್ನು ನೀವೂ ನೋಡಿರುತ್ತೀರಿ. ಇಂದಿನಿಂದ ಆ ಕಾಳಿಗೆ ಕಾಯಿತುರಿ ಹಾಕಿ ಪಲ್ಯ ಮಾಡಿಸಿಕೊಂಡು ನೀವೇ ತಿನ್ನಿ. ಅಕ್ಕಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಘಟಕ) ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ಆದ್ದರಿಂದ ಅನ್ನದೊಂದಿಗೆ ಕಾಳು ಸೇರಿದಾಗ ಎರಡರ ಪ್ರೋಟೀನಿನ ಗುಣವೂ ಹೆಚ್ಚುತ್ತದೆ.

ರಾತ್ರಿಗೆ 50 ಗ್ರಾಂ ಒಣ ತೂಕದ ಹುರುಳಿ ಅಥವಾ ಹೆಸರುಕಾಳು ಇಟ್ಟುಕೊಂಡರೆ 11 ಗ್ರಾಂ ಬರುತ್ತದೆ. ಅರ್ಧ ಲೀಟರ್ ಹಾಲಿನಿಂದ 16 ಗ್ರಾಂ. 50 ಗ್ರಾಂ ಸೋಯಾ ಚಂಕ್ಸ್‌ನಿಂದ 26 ಗ್ರಾಂ. ಕೊರತೆ ಇಲ್ಲಿಗೇ ತುಂಬಿತು. ಸೋಯಾ ತಿಂದರೆ ಗಂಡಸರ ಹಾರ್ಮೋನು ಏರುಪೇರಾಗುತ್ತದೆ ಎಂಬ ಮಾತು ಬಹಳ ಹರಡಿದೆ, ಆದರೆ ಪ್ರಯೋಗಗಳನ್ನು ಒಟ್ಟಾಗಿ ನೋಡಿದಾಗ ಟೆಸ್ಟೋಸ್ಟಿರಾನ್ ಮಟ್ಟದಲ್ಲಿ ಅಂಥ ಬದಲಾವಣೆ ಕಂಡುಬಂದಿಲ್ಲ. ಬೆಲೆಯನ್ನೂ ಹೋಲಿಸಿ ನೋಡಿ. ನೀವು ಹೇಳಿದ ವೇ ಡಬ್ಬಿಯಲ್ಲಿ 24 ಗ್ರಾಂ ಪ್ರೋಟೀನಿನ 30 ಅಳತೆ ಇದ್ದರೆ ಪ್ರತಿ ಗ್ರಾಂಗೆ ಮೂರೂವರೆ ರೂಪಾಯಿ ಬೀಳುತ್ತದೆ. ಕಿಲೋಗೆ 150 ರೂಪಾಯಿಯಂತೆ ನಾನು ಕಳೆದ ವಾರ ಕೊಂಡ ಸೋಯಾದಲ್ಲಿ ಅದೇ ಒಂದು ಗ್ರಾಂಗೆ 30 ಪೈಸೆಯೂ ಆಗಲಿಲ್ಲ.

ಹಾಗೆಂದು ವೇ ಪುಡಿ ವಿಷವಲ್ಲ. ಅದು ಚೀಸ್ ತಯಾರಿಸುವಾಗ ಬೇರ್ಪಡುವ ತಿಳಿನೀರನ್ನು ಶುದ್ಧಗೊಳಿಸಿ ಒಣಗಿಸಿದ ಹಾಲಿನ ಪದಾರ್ಥ. ಬೇಗ ಜೀರ್ಣವಾಗುತ್ತದೆ, ಮಾಂಸಖಂಡದ ಕಟ್ಟೋಣಕ್ಕೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಹೇರಳವಾಗಿದೆ. ಬೆಳಿಗ್ಗೆ ಐದಕ್ಕೆ ಬಸ್ ಹಿಡಿಯುವವರಿಗೆ, ಕಾಳು ಜೀರ್ಣವಾಗದವರಿಗೆ, ಹಾಸ್ಟೆಲ್ಲಿನಲ್ಲಿ ಅಡುಗೆಯ ಮೇಲೆ ಹಿಡಿತವಿಲ್ಲದವರಿಗೆ ಅದು ಉಪಯುಕ್ತವೆಂದು ನಾನೇ ಎಷ್ಟೋ ಬಾರಿ ಹೇಳಿದ್ದೇನೆ. ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಕುಡಿಯದಿದ್ದರೆ ವ್ಯರ್ಥ ಎಂಬ ಮಾತನ್ನು ಮಾತ್ರ ನಂಬಬೇಡಿ. ದಿನದ ಒಟ್ಟು ಪ್ರಮಾಣ ಸರಿಯಿದ್ದರೆ ಗಡಿಯಾರ ನೋಡುವ ಅಗತ್ಯ ಇರುವುದಿಲ್ಲ.

ಉತ್ತರ (ವ್ಯಾಯಾಮಶಾಲೆಯ ತರಬೇತುದಾರ, ಕುಂದಾಪುರ)

ಮೇಲಿನವರು ಊಟದ ಬಗ್ಗೆ ಹೇಳಬೇಕಾದುದನ್ನು ಹೇಳಿದ್ದಾರೆ. ನಾನು ಹನ್ನೆರಡು ವರ್ಷಗಳಿಂದ ಹುಡುಗರಿಗೆ ಭಾರ ಎತ್ತುವುದನ್ನು ಕಲಿಸುತ್ತಿರುವವನು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಪುಡಿಯಲ್ಲ, ನಾಲ್ಕು ತಿಂಗಳಿಂದ ಕದಲದ ತೂಕ. ದೇಹದ ತೂಕ ಏರದಿದ್ದರೆ ಒಟ್ಟು ಊಟವೇ ಸಾಲದೆಂದು ಅರ್ಥ. ಕಟ್ಟಡಕ್ಕೆ ಕಲ್ಲು ತಂದು ಸುರಿದರೂ ಕೆಲಸದವರಿಗೆ ಕೂಲಿ ಇಲ್ಲದಿದ್ದರೆ ಗೋಡೆ ಏಳುವುದಿಲ್ಲ. ಹಾಲು, ಕಾಳು ಸೇರಿದಾಗ ಕ್ಯಾಲೊರಿಯೂ ತಾನಾಗಿ ಏರುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ತಿಂಗಳಿಗೆ ಮುಕ್ಕಾಲು ಕಿಲೋದಷ್ಟು ಏರಿದರೆ ನಿಮಗೆ ಅದೇ ಸಾಕು.

ಬೆಂಚ್ ಪ್ರೆಸ್ ನಿಂತದ್ದಕ್ಕೆ ಇನ್ನೊಂದು ಕಾರಣ ಇರಬಹುದು. ನಮ್ಮ ಅನೇಕ ಜಿಮ್‌ಗಳಲ್ಲಿ ಸಿಗುವ ಅತಿ ಚಿಕ್ಕ ಪ್ಲೇಟು ಎರಡೂವರೆ ಕಿಲೋದ್ದು. ಎರಡೂ ಬದಿಗೆ ಒಂದೊಂದು ಹಾಕಿದರೆ 45 ಇದ್ದದ್ದು ಒಮ್ಮೆಲೇ 50 ಆಗುತ್ತದೆ, ಅದು ನಿಮ್ಮ ಶಕ್ತಿಗೆ ದೊಡ್ಡ ಜಿಗಿತ. ನನ್ನ ಹುಡುಗರಿಗಾಗಿ ಒಂದೂಕಾಲು ಕಿಲೋದ ಜೋಡಿ ಪ್ಲೇಟು ತರಿಸಿದ ಮೇಲೆ ಹೀಗೆ ಸಿಕ್ಕಿಬಿದ್ದವರಲ್ಲಿ ಹಲವರು ಮೇಲಕ್ಕೆ ಬಂದರು. ಅದು ಸಿಗದಿದ್ದರೆ ಅದೇ 45ರಲ್ಲಿ ಎಂಟು ಸಲ ಎತ್ತುತ್ತಿರುವುದನ್ನು ಒಂಬತ್ತು, ಹತ್ತು, ಹನ್ನೆರಡಕ್ಕೆ ಏರಿಸಿಕೊಂಡು ಹೋಗಿ, ಅನಂತರ 50ಕ್ಕೆ ಹೋಗಿ. ಯಾವ ದಿನ ಎಷ್ಟು ಎತ್ತಿದಿರಿ ಎಂಬ ಪುಸ್ತಕ ನಿಮ್ಮ ಬಳಿ ಇಲ್ಲದಿದ್ದರೆ ಇಂದೇ ಒಂದನ್ನು ಕೊಳ್ಳಿ.

ತೂಕ ಕಡಿಮೆ ಎಂದು ಕುಗ್ಗಬೇಡಿ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ (ಒಂದೇ ಸಲಕ್ಕೆ ತಲೆಯ ಮೇಲೆ ಎತ್ತುವುದು) 111, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ (ಭುಜಕ್ಕೆ ತಂದು ಬಳಿಕ ಮೇಲೆತ್ತುವುದು) 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಪಡೆದರು. ನಿಮಗಿಂತಲೂ ಹಗುರವಾದ ದೇಹ ಅದು. ಅಷ್ಟು ಶಕ್ತಿ ವರ್ಷಗಟ್ಟಲೆ ಕ್ರಮವಾಗಿ ಎತ್ತಿದ್ದರಿಂದ ಬರುವಂಥದ್ದು.

ಮಾಸ್ ಗೇನರ್ ಮಾತ್ರ ಖಂಡಿತ ಬೇಡ. ಡಬ್ಬಿಯ ಹಿಂಬದಿ ಓದಿ: ಬಹುಪಾಲು ಗೇನರ್‌ಗಳಲ್ಲಿ ಮೊದಲು ಕಾಣುವ ಹೆಸರು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟದಿಂದ ಮಾಡಿದ ಪುಡಿ. ಅದೇ ಶಕ್ತಿ ಎರಡು ಬಾಳೆಹಣ್ಣು ಮತ್ತು ಒಂದು ಹಿಡಿ ನೆಲಗಡಲೆಯಿಂದಲೂ ಸಿಗುತ್ತದೆ.

ಉತ್ತರ (ರಸಾಯನಶಾಸ್ತ್ರ ಬೋಧಕ, ಮಲ್ಪೆ)

ನಾನು ಮೀನು ತಿನ್ನುವವನು, ಹೀಗಾಗಿ ವರ್ಷದ ಹತ್ತು ತಿಂಗಳು ನನಗೆ ಪುಡಿಯ ಗೊಡವೆಯಿಲ್ಲ. ಬಂಗುಡೆಯ 100 ಗ್ರಾಂ ಮಾಂಸದಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನ್ ಇರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನಗಳಲ್ಲಿ ತಾಜಾ ಮೀನು ಅಪರೂಪವಾಗಿ ಬೆಲೆಯೂ ಏರುವುದರಿಂದ, ಆ ಎರಡು ತಿಂಗಳಿಗೆ ಒಂದೆರಡು ಡಬ್ಬಿ ವೇ ತರಿಸುತ್ತೇನೆ. ಹೀಗೆ ಕೊಳ್ಳುವಾಗ ಒಮ್ಮೆ ಮೋಸ ಹೋದದ್ದನ್ನು ಇಲ್ಲಿ ಹೇಳಲೇಬೇಕು.

ಎರಡು ವರ್ಷದ ಹಿಂದೆ ಅಂಗಡಿಯೊಂದರಲ್ಲಿ ಮೂರನೇ ಒಂದು ಭಾಗ ರಿಯಾಯಿತಿ ಎಂದಾಗ ಆಸೆಗೆ ಬಿದ್ದು ಒಂದು ಡಬ್ಬಿ ಕೊಂಡೆ. ಬಾಯಿಯ ಬೆಳ್ಳಿ ಹಾಳೆ ಒಂದು ಬದಿಯಲ್ಲಿ ಸುಕ್ಕುಗಟ್ಟಿ ಮತ್ತೆ ಅಂಟಿಸಿದಂತೆ ಇತ್ತು, ಬ್ಯಾಚ್ ಸಂಖ್ಯೆ ಬೆರಳಿಂದ ಉಜ್ಜಿದರೆ ಅಳಿಸುತ್ತಿತ್ತು. ನೀರಿಗೆ ಹಾಕಿ ಕಲಕಿದಾಗ ತಳದಲ್ಲಿ ಗಂಜಿಯಂತೆ ಅಂಟು ಕುಳಿತಿತು. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಹನಿ ಅಯೋಡಿನ್ ಬಿಟ್ಟು ನೋಡಿದೆ, ಕ್ಷಣದಲ್ಲಿ ಕಡುನೀಲಿಯಾಯಿತು, ಅಂದರೆ ಪಿಷ್ಟ ಬೆರೆಸಿದ್ದರು. ಅಂಗಡಿಯವರು ಡಬ್ಬಿ ತೆರೆದ ಮೇಲೆ ವಾಪಸು ಇಲ್ಲ ಎಂದುಬಿಟ್ಟರು.

ಅಯೋಡಿನ್‌ಗೆ ಸಿಗದ ಕಲಬೆರಕೆಯೂ ಇದೆ. ಪ್ರೋಟೀನನ್ನು ಅಳೆಯುವ ರೂಢಿಯ ವಿಧಾನದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕವನ್ನು ಅಳೆದು 6.25ರಿಂದ ಗುಣಿಸುತ್ತಾರೆ. ಗ್ಲೈಸಿನ್ ಅಥವಾ ಟೌರಿನ್‌ನಂಥ ಅಗ್ಗದ ಅಮೈನೋ ಆಮ್ಲ ಬೆರೆಸಿದರೂ ಸಾರಜನಕ ಏರುತ್ತದೆ, ಲೇಬಲ್ಲಿನ ಮೇಲೆ ಪ್ರೋಟೀನ್ ಹೆಚ್ಚಿದಂತೆ ಕಾಣುತ್ತದೆ, ಮಾಂಸಖಂಡಕ್ಕೆ ಬೇಕಾದ ಲ್ಯೂಸಿನ್ ಮಾತ್ರ ಏರಿರುವುದಿಲ್ಲ. 2024ರಲ್ಲಿ ಕೇರಳದ ವೈದ್ಯರು ಸೇರಿ ಭಾರತದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇಕಡಾ 70ರಷ್ಟರಲ್ಲಿ ಲೇಬಲ್ಲಿನ ಪ್ರೋಟೀನ್ ಮಾಹಿತಿ ನಿಜಕ್ಕೆ ಹೊಂದುತ್ತಿರಲಿಲ್ಲ. ಆದ್ದರಿಂದ ಕೊಳ್ಳುವುದೇ ಆದರೆ ಬಿಡಿಬಿಡಿ ಅಮೈನೋ ಆಮ್ಲಗಳನ್ನು ಸೇರಿಸದ, 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇರುವ, ಬ್ಯಾಚಿನ ಪರೀಕ್ಷಾ ವರದಿಯನ್ನು ತೋರಿಸುವ ತಯಾರಕರದ್ದನ್ನೇ, ಅವರಿಂದಲೇ ನೇರವಾಗಿ ಕೊಳ್ಳಿ.

ಉತ್ತರ (ವೈದ್ಯೆ, ಉಡುಪಿ)

ನಿಮ್ಮ ತಾಯಿಯ ಭಯಕ್ಕೆ ಉತ್ತರ ಸಿಗಬೇಕು, ಏಕೆಂದರೆ ಅವರು ಕಣ್ಣಾರೆ ಕಂಡು ಹೆದರಿದ್ದಾರೆ. ನಿಮ್ಮ ಮಾವನಿಗೆ ಇದ್ದ ಮಧುಮೇಹವೇ ಮೂತ್ರಪಿಂಡ ವೈಫಲ್ಯದ ಪ್ರಮುಖ ಕಾರಣಗಳಲ್ಲಿ ಒಂದು, ರಕ್ತದೊತ್ತಡ ಮತ್ತೊಂದು. ಆರೋಗ್ಯವಂತ ಮೂತ್ರಪಿಂಡ ಇರುವವರಲ್ಲಿ ಇಲ್ಲಿ ಹೇಳಿದಷ್ಟು ಪ್ರೋಟೀನ್ ಹಾನಿ ಮಾಡಿದ್ದು ಪ್ರಯೋಗಗಳಲ್ಲಿ ಕಂಡಿಲ್ಲ. ಮೂತ್ರಪಿಂಡ ಈಗಾಗಲೇ ದುರ್ಬಲವಾಗಿದ್ದರೆ ವಿಷಯವೇ ಬೇರೆ, ಆಗ ಪ್ರೋಟೀನನ್ನು ವೈದ್ಯರು ಹೇಳಿದಷ್ಟಕ್ಕೇ ಮಿತಿಗೊಳಿಸಬೇಕು. ಕುಟುಂಬದಲ್ಲಿ ಕಾಯಿಲೆ ಇರುವುದರಿಂದ ರಕ್ತದ ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ತೋರಿಸುವ ರಕ್ತಪರೀಕ್ಷೆ), ಮೂತ್ರದಲ್ಲಿ ಅಲ್ಬುಮಿನ್, ರಕ್ತದೊತ್ತಡ ಇವಿಷ್ಟನ್ನು ಒಮ್ಮೆ ಪರೀಕ್ಷಿಸಿಕೊಂಡು ವರದಿಯನ್ನು ತಾಯಿಗೂ ತೋರಿಸಿ. ಮುಂದೆ ಕ್ರಿಯಾಟಿನ್ ಪುಡಿ (ಜಿಮ್‌ಗೆ ಹೋಗುವವರು ಶಕ್ತಿಗಾಗಿ ಬಳಸುವ ಇನ್ನೊಂದು ಪುಡಿ) ಬಳಸಿದರೆ ಪರೀಕ್ಷೆಗೆ ಮುನ್ನ ಅದನ್ನು ವೈದ್ಯರಿಗೆ ತಿಳಿಸಿ. ಮೂತ್ರಪಿಂಡ ಚೆನ್ನಾಗಿದ್ದರೂ ಅದರಿಂದ ಕ್ರಿಯಾಟಿನಿನ್ ಅಂಕಿ ಸ್ವಲ್ಪ ಏರಿ ಕಾಣಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ. ನಿನ್ನೆ ರಾತ್ರಿ ಹುರುಳಿ ಸಾರಿನ ಕಾಳನ್ನು ಅಮ್ಮ ಪಲ್ಯ ಮಾಡಿ ಬಡಿಸಿದರು. ಅಜ್ಜಿ ಇದ್ದಾಗ ಹೀಗೆಯೇ ತಿನ್ನುತ್ತಿದ್ದೆವು ಎಂದೂ ನೆನಪಿಸಿದರು. ಒಂದು ತೊಂದರೆ ಮಾತ್ರ ಇದೆ: ಅರ್ಧ ಲೀಟರ್ ಹಾಲು ಕುಡಿದ ಮೂರು ದಿನವೂ ಹೊಟ್ಟೆ ಉಬ್ಬರಿಸಿ ರಾತ್ರಿ ನಿದ್ದೆ ಬರಲಿಲ್ಲ. ಇದಕ್ಕೇನು ಮಾಡಲಿ?

ಉತ್ತರ (ಆಹಾರತಜ್ಞೆ, ಮಂಗಳೂರು)

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ನಿಮಗೆ ಸರಿಯಾಗಿ ಜೀರ್ಣವಾಗುತ್ತಿಲ್ಲವೆಂದು ತೋರುತ್ತದೆ. ದೊಡ್ಡವರಾದ ಮೇಲೆ ನಮ್ಮಲ್ಲಿ ಅನೇಕರಿಗೆ ಹೀಗಾಗುತ್ತದೆ. ಅದೇ ಹಾಲನ್ನು ಹೆಪ್ಪು ಹಾಕಿ, ಮೊಸರಾದ ಮೇಲೆ ಎರಡು ಹೊತ್ತಿಗೆ ಹಂಚಿಕೊಂಡು ಎರಡು ವಾರ ತಿಂದು ನೋಡಿ. ಹಲವರಿಗೆ ಮೊಸರಿನಿಂದ ಉಬ್ಬರವಾಗುವುದಿಲ್ಲ. ಅದರಿಂದಲೂ ಉಬ್ಬರಿಸಿದರೆ ಹಾಲಿನ ಪಾಲನ್ನು ಬಿಟ್ಟು, ಲ್ಯಾಕ್ಟೋಸ್ ಬಹುತೇಕ ತೆಗೆದಿರುವ ವೇ ಐಸೊಲೇಟ್ ಪುಡಿಯನ್ನು ದಿನಕ್ಕೆ ಒಂದೇ ಅಳತೆ, ಮಲ್ಪೆಯವರು ಹೇಳಿದ ಎಚ್ಚರಿಕೆಗಳನ್ನೆಲ್ಲ ಪಾಲಿಸಿ ಕೊಳ್ಳಿ. ಕಾಳು ಮತ್ತು ಸೋಯಾ ಹಾಗೆಯೇ ಮುಂದುವರಿಯಲಿ. ರಕ್ತದ ವರದಿ ಬಂದ ಮೇಲೆ ಇಲ್ಲಿ ತಿಳಿಸಿ.