ಬಸ್ಸಲ್ಲಿ ಮರೆತ ಚೀಲಕ್ಕೆ ಹೊಣೆ ಯಾರು?

ಸಾಗರದವಳು: ಇವತ್ತು ಮಧ್ಯಾಹ್ನ ಶಿವಮೊಗ್ಗದಿಂದ ಸಿದ್ದಾಪುರಕ್ಕೆ ಹೋಗೋ ಖಾಸಗಿ ಬಸ್ಸಲ್ಲಿ ಬಂದೆ. ಮದುವೆ ಮುಗಿಸಿ ಬರ್ತಿದ್ದೆ, ಅಮ್ಮನ ಚಿನ್ನದ ಅವಲಕ್ಕಿ ಸರದ ಡಬ್ಬಿ ಚೀಲದಲ್ಲಿತ್ತು. ಆಯನೂರಲ್ಲಿ ಜನ ತುಂಬಿದ್ರು ಅಂತ ಮೇಲೆ ಇಟ್ಟೆ. ಸಾಗರದಲ್ಲಿ ಜಡಿಮಳೆ, ಕೊಡೆ ಬಿಡಿಸೋ ಗಡಿಬಿಡೀಲಿ ಬರಿಗೈಲಿ ಇಳಿದೆ. ಟಿಕೆಟ್ ಕೊಟ್ಟಿರಲಿಲ್ಲ. ಬಸ್ಸಿನವರಿಗೆ ಫೋನ್ ಮಾಡಿದ್ರೆ ‘ನಿಮ್ಮ ಸಾಮಾನಿಗೆ ನೀವೇ ಜವಾಬ್ದಾರಿ’ ಅಂದ್ರು. ಇದು ಸರೀನಾ?

ತುಂಗಾತೀರ: ಬೇಜಾರಾಗ್ಬೇಡಿ, ಅವರು ಹೇಳಿದ್ದರಲ್ಲಿ ಹುರುಳಿದೆ. ರೈಲಲ್ಲೂ ಹಾಗೇ. ಬುಕ್ ಮಾಡದೆ ನಾವೇ ಜೊತೆಗೆ ಒಯ್ಯೋ ಲಗೇಜು ಹೋದ್ರೆ, ರೈಲ್ವೆಯವರ ನಿರ್ಲಕ್ಷ್ಯವೋ ದುರ್ನಡತೆಯೋ ಸಾಬೀತಾಗದೆ ಅವರು ಹೊಣೆಯಲ್ಲ. 1989ರ ರೈಲ್ವೆ ಕಾಯ್ದೆಯ 100ನೇ ಕಲಂ. ಸೊಂಟದ ಬೆಲ್ಟಿನಿಂದ 1 ಲಕ್ಷ ಕಳವಾದ ಪ್ರಯಾಣಿಕರೊಬ್ಬರ ಕೇಸಲ್ಲಿ 2023ರಲ್ಲಿ ಸುಪ್ರೀಂ ಕೋರ್ಟೂ ರೈಲ್ವೆ ಪರವೇ ಹೇಳಿತು.

ಹೊಸನಗರದ ಕಡೆಯವ: ಕಳವು ಬೇರೆ, ಮರೆವು ಬೇರೆ ಸ್ವಾಮಿ. ಬಿದ್ದ ವಸ್ತುವನ್ನ ಎತ್ತಿಟ್ಟುಕೊಂಡವನು ಅದನ್ನ ಒಪ್ಪಿಸಿಕೊಂಡವನ ಹಾಗೇ ಜೋಪಾನ ಮಾಡ್ಬೇಕು. 1872ರ ಕರಾರು ಕಾಯ್ದೆಯ 71ನೇ ಕಲಂ ಓದಿ. ಕಂಡಕ್ಟರ್ ಕೈಗೆ ಚೀಲ ಸಿಕ್ಕ ಮೇಲೂ ‘ನಮಗೆ ಗೊತ್ತಿಲ್ಲ’ ಅಂದ್ರೆ ನಡೆಯಲ್ಲ. ಮೊದಲು ಸ್ಟೇಷನ್ನಿಗೆ ಹೋಗಿ ದೂರು ಕೊಡಿ.

ಕಂಡಕ್ಟರ್ ಮಗಳು: ದೂರು ಆಮೇಲೆ. ನನ್ನಪ್ಪ ತೀರ್ಥಹಳ್ಳಿ ರೂಟಲ್ಲಿ 26 ವರ್ಷ ಕಂಡಕ್ಟರ್. ಕೊನೇ ಸ್ಟಾಪಲ್ಲಿ ಟಾರ್ಚ್ ಹಿಡ್ಕೊಂಡು ಹಿಂದಿನ ಸೀಟಿಂದ ಒಂದೊಂದೇ ನೋಡ್ತಾ ಬರೋರು. ಕೊಡೆ, ಊಟದ ಡಬ್ಬಿ, ಮಗುವಿನ ಒಂಟಿ ಚಪ್ಪಲಿ. ಒಂದ್ಸಲ ಮಂಡಿಯಿಂದ ತಂದ ಅಡಿಕೆ ದುಡ್ಡು ಸಿಕ್ತು. ವಿಳಾಸ ಹುಡುಕೋಕೆ ಅಂತ ಅಪ್ಪ ಚೀಲ ಬಿಚ್ಚಿದ್ರು. ದುಡ್ಡಿನವರು ಬಂದು ಎಣಿಸಿ, ಎರಡು ಸಾವಿರ ಕಮ್ಮಿ ಅಂತ ಊರೆಲ್ಲ ಕೇಳೋ ಹಾಗೆ ಕೂಗಾಡಿದ್ರು. ವಾರದ ಮೇಲೆ ಆ ದುಡ್ಡು ಅವರ ಮನೇಲೇ ಸಿಕ್ತು. ಅಪ್ಪನಿಗೆ ಹೋಗಿದ್ದ ಮಾನ ಯಾರು ತಂದುಕೊಡ್ತಾರೆ? ಅಕ್ಕಾ, ಸಿದ್ದಾಪುರ ಸ್ಟ್ಯಾಂಡಿನ ಏಜೆಂಟರನ್ನ ಹಿಡೀರಿ. ಎಷ್ಟು ಗಂಟೆ ಬಸ್ಸು, ಯಾವ ಕಡೆ ಸೀಟು, ಚೀಲದ ಬಣ್ಣ ಏನು, ಅಷ್ಟು ಹೇಳಿ ಸಾಕು.

ತುಂಗಾತೀರ: ಆದ್ರೂ ಚಿನ್ನವನ್ನ ತಲೆ ಮೇಲೆ ಇಡಬಾರದಿತ್ತು. ಮಡಿಲಲ್ಲೇ ಇರ್ಬೇಕು.

ಹೊಸನಗರದ ಕಡೆಯವ: ಅದನ್ನ ಈಗ ಹೇಳಿ ಏನು ಪ್ರಯೋಜನ? ಅವರ ಜೀವ ಹೋಗ್ತಿದೆ.

ಸಾಗರದವಳು: ಏಜೆಂಟ್ ಸಿಕ್ಕಿದ್ರು. ನೀಲಿ ಚೀಲ ಕಂಡಕ್ಟರ್ ಹತ್ರ ಇದೆಯಂತೆ. ಒಳಗೆ ಡಬ್ಬಿ ಇದೆಯಾ ನೋಡಿ ಅಂದೆ. ‘ನಾವು ಬಿಚ್ಚಲ್ಲಮ್ಮ, ನೀವೇ ಬಂದು ಬಿಚ್ಚಿ’ ಅಂದ್ರು. ನಿಮ್ಮಪ್ಪನ ನೆನಪಾಯ್ತು ತಂಗೀ. ಸಂಜೆ ಬಸ್ಸಿಗೆ ಹೊರಟೆ.