ಬಸ್ಸಾರು ಉತ್ಪಾದಕರ ಸಂಘ (ನೋಂದಣಿ ಬಾಕಿ)

"ಇನ್ನು ತಡ ಮಾಡಬಾರದು ಶೇಷಣ್ಣ. ನಮ್ಮ ಮಂಡ್ಯದ ಬಸ್ಸಾರಿಗೆ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು, ತಗೊಳ್ಳಲೇಬೇಕು," ಎಂದ ಪುಟ್ಟಸ್ವಾಮಿ.

"ಯಾಕೆ, ಯಾರಾದರೂ ಕದ್ದುಕೊಂಡು ಹೋದರಾ?"

"ಇನ್ನೂ ಇಲ್ಲ. ಹೋಗುವ ಮುಂಚೆ ಬೀಗ ಹಾಕಬೇಕಲ್ವಾ? ಬಂಗಾಳದವರು 2017ರಲ್ಲೇ ರಸಗುಲ್ಲಕ್ಕೆ ತಗೊಂಡರು. 2019ರಲ್ಲಿ ಒಡಿಶಾದವರೂ ತಗೊಂಡರು."

"ಒಳ್ಳೆ ಉದಾಹರಣೆ ಕೊಟ್ಟೆ. ಅಷ್ಟೆಲ್ಲ ಕಿತ್ತಾಡಿ ಕೊನೆಗೆ ಅವರದು ಅವರಿಗೆ, ಇವರದು ಇವರಿಗೆ. ತಿನ್ನುವವನಿಗೆ ಮೊದಲೂ ಎರಡೂ ಸಿಗುತ್ತಿತ್ತು."

"ಮೈಸೂರು ಪಾಕ್ ಕಥೆ ಮರೆತಿರಾ? ತಮಿಳುನಾಡಿನವರು ಅದಕ್ಕೆ ಟ್ಯಾಗ್ ತಗೊಂಡುಬಿಟ್ಟರು ಅಂತ..."

"ಅದು 2019ರಲ್ಲಿ ಯಾರೋ ತಮಾಷೆಗೆ ಹಾಕಿದ ಟ್ವೀಟು ಕಣೋ. ನಾವು ಅದನ್ನ ನಂಬಿ ಯುದ್ಧಕ್ಕೆ ಹೊರಟೆವು. ಆ ಗಲಾಟೆಯಲ್ಲಿ ಒಬ್ಬನೂ ಒಂದು ತುಂಡು ಮೈಸೂರು ಪಾಕ್ ಜಾಸ್ತಿ ತಿನ್ನಲಿಲ್ಲ. ಬರೀ ಫೋನ್ ಒತ್ತಿದರು."

ಪುಟ್ಟಸ್ವಾಮಿ ಲಾಯರ್ ಮುರಳಿಯ ಕಡೆ ತಿರುಗಿದ. ಮುರಳಿಗೆ ಇಂಥ ಗಳಿಗೆ ಅಂದರೆ ಹಬ್ಬ. "1999ರ ಕಾನೂನು, ಜಾರಿಗೆ ಬಂದಿದ್ದು 2003ರಲ್ಲಿ. ಮೊದಲ ಟ್ಯಾಗ್ ಡಾರ್ಜಿಲಿಂಗ್ ಚಹಾಗೆ. ಅರ್ಜಿ ಚೆನ್ನೈ ಕಚೇರಿಗೆ ಹಾಕಬೇಕು. ಆದರೆ ಒಬ್ಬನೇ ಹೋಗಿ ಕೊಡಿ ಅಂದರೆ ಕೊಡಲ್ಲ. ಉತ್ಪಾದಕರ ಸಂಘ ಇರಬೇಕು."

"ಸಂಘ ತಾನೇ? ಈಗಲೇ ಮಾಡೋಣ. ಅಧ್ಯಕ್ಷ ನಾನು."

"ನಿನ್ನನ್ನು ಸದಸ್ಯ ಮಾಡಿಕೊಳ್ಳುವುದೇ ಕಷ್ಟ," ಅಂದರು ಶೇಷಣ್ಣ. "ಉತ್ಪಾದಕರ ಸಂಘ ಅಂದನಲ್ಲ. ನೀನು ಗ್ಯಾಸ್ ಹಚ್ಚಿದ್ದನ್ನು ನೋಡಿದವರು ಯಾರಿದ್ದಾರೆ?"

ಸರೋಜಕ್ಕ ನಕ್ಕರು. ಅವರು ನಕ್ಕಿದ್ದೇ ತಪ್ಪಾಯಿತು. ಮುರಳಿ ಪೆನ್ನು ತೆಗೆದ. ತಯಾರಿಸುವ ವಿಧಾನ ಅಂತ ಒಂದು ಕಾಲಂ ಇದೆ, ಹೇಳಿ ಅಂದ.

"ಏನು ಹೇಳೋದು? ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದುಕೋ. ಈರುಳ್ಳಿ, ಬೆಳ್ಳುಳ್ಳಿ ಹುರಿದುಕೋ. ಮೆಣಸು, ಜೀರಿಗೆ, ಕಾಯಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಒಂದು ಹಿಡಿ ಹಾಕಿ ರುಬ್ಬು. ಕಟ್ಟಿಗೆ ಕಲಸಿ ಕುದಿಸು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಹಾಕಿದರೆ ಪಲ್ಯ."

"ಹುಣಸೆಹಣ್ಣು ಎಷ್ಟು?"

"ಬೇಕಾದಷ್ಟು."

"ಹಾಗೆ ಬರೆಯೋಕೆ ಆಗಲ್ಲ ಅಕ್ಕ. ಗ್ರಾಂ ಲೆಕ್ಕ ಬೇಕು."

"ಸೊಪ್ಪು ಯಾವುದು ಅನ್ನೋದರ ಮೇಲೆ ಅಲ್ವೇನೋ ಹುಳಿ! ದಂಟಿಗೊಂದು, ಸಬ್ಬಸಿಗೆಗೊಂದು. ಕಟ್ಟು ನಾಲಿಗೆಗೆ ಬಿಟ್ಟುಕೊಂಡರೆ ಅದೇ ಹೇಳುತ್ತೆ."

ಮುರಳಿ ಆ ಕಾಲಂ ಖಾಲಿ ಬಿಟ್ಟು ಭೂಪಟಕ್ಕೆ ಹೋದ. ಯಾವ ಪ್ರದೇಶ ಅಂತ ಗೆರೆ ಎಳೆದು ತೋರಿಸಬೇಕಂತೆ. ಪುಟ್ಟಸ್ವಾಮಿ ಉದಾರವಾಗಿ ಇಡೀ ಮಂಡ್ಯ ಜಿಲ್ಲೆ ಎಳೆದ. ಇಷ್ಟು ಹೊತ್ತು ಪೇಪರ್ ಹಿಂದೆ ಇದ್ದ ರಂಗಣ್ಣ ತಲೆ ಎತ್ತಿದರು.

"ಕುಣಿಗಲ್ ಎಲ್ಲಿ?"

"ಅದು ತುಮಕೂರು ಜಿಲ್ಲೆ."

"ನಮ್ಮಜ್ಜಿ ಅಲ್ಲಿ ಕೂತು ಏನು ಬಸಿಯುತ್ತಿದ್ದಳು ಹಾಗಾದರೆ? ಮುರಳಿ, ಇದಕ್ಕೆ ಆಕ್ಷೇಪಣೆ ಹಾಕಬಹುದಾ?"

"ಅರ್ಜಿ ಜಿಐ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ಮೂರು ತಿಂಗಳು ಟೈಮ್ ಇದೆ. ಕೇಳಿಕೊಂಡರೆ ಇನ್ನೊಂದು ತಿಂಗಳು."

"ಹಾಕ್ತೀನಿ. ಚನ್ನರಾಯಪಟ್ಟಣದವರನ್ನೂ ಕರಕೊಂಡು ಬಂದು ಹಾಕ್ತೀನಿ."

"ನನ್ನದೊಂದು ಅನುಮಾನ," ಅಂದರು ಶೇಷಣ್ಣ. "ಪುಟ್ಟಸ್ವಾಮಿ ತಾಯಿ ಮದ್ದೂರಿಂದ ಬೆಂಗಳೂರಿಗೆ ಮಗನ ಫ್ಲಾಟಿಗೆ ಬಂದು ಬಸ್ಸಾರು ಮಾಡಿದರೆ?"

"ಗಡಿಯ ಹೊರಗೆ ಮಾಡಿದ್ದು. ಮಂಡ್ಯ ಬಸ್ಸಾರು ಅನ್ನೋ ಹಾಗಿಲ್ಲ. ಆ ಹೆಸರಲ್ಲಿ ಮಾರಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡ."

"ಅಯ್ಯೋ, ಅವ್ವ ಮಾರಲ್ಲಪ್ಪ, ಬಡಿಸುತ್ತಾಳೆ!" ಪುಟ್ಟಸ್ವಾಮಿ ಗಾಬರಿಯಾದ. ಆಮೇಲೆ ಸ್ವಲ್ಪ ಮೆತ್ತಗಾದ. "ಅವಳೂ ಅದನ್ನೇ ಹೇಳುತ್ತಾಳೆ ಅನ್ನಿ. ಇಲ್ಲಿ ಮಾಡಿದರೆ ಆ ರುಚಿ ಬರಲ್ಲವಂತೆ."

"ನೋಡು, ಕಾನೂನು ಓದದೆ ಹೇಳಿದ್ದಾಳೆ."

ಮಾತು ಎಲ್ಲಿಂದ ಎಲ್ಲಿಗೋ ಹೋಗಿ ಮೆಣಸಿನಕಾಯಿಗೆ ಬಂತು. ಬ್ಯಾಡಗಿಗೆ 2011ರಲ್ಲೇ ಟ್ಯಾಗ್ ಸಿಕ್ಕಿದೆಯಲ್ಲ, ಅದರಿಂದ ಒಳ್ಳೆಯದಾಗಿಲ್ವಾ ಅನ್ನುವುದು ಪುಟ್ಟಸ್ವಾಮಿಯ ವಾದ.

"ಒಳ್ಳೆಯದೇನೋ ಆಯಿತು," ಅಂದರು ಸರೋಜಕ್ಕ. "ಮೊನ್ನೆ ಒಂದು ಅಂಗಡಿಯಲ್ಲಿ ಬ್ಯಾಡಗಿ ಅಂತ ಕೊಟ್ಟ. ಹುರಿಯೋಕೆ ಹಾಕಿದರೆ ಮನೆಮಂದಿಯೆಲ್ಲ ಕೆಮ್ಮಿದರು. ಬ್ಯಾಡಗಿ ಅಂದರೆ ಬಣ್ಣ ಕಣೋ, ಸುಕ್ಕು ಸುಕ್ಕು ಸಿಪ್ಪೆ, ಖಾರ ಕಮ್ಮಿ. ಇದು ಬಣ್ಣ ಬಿಟ್ಟು ಉಳಿದದ್ದೆಲ್ಲ ಕೊಟ್ಟಿತು."

"ದೂರು ಕೊಡಬೇಕಿತ್ತು."

"ಕೆಮ್ಮೋದಾ, ದೂರು ಕೊಡೋದಾ?"

"ಹೋಗಲಿ, ಕೊಲ್ಹಾಪುರಿ ಚಪ್ಪಲಿ ತಗೋ," ಶೇಷಣ್ಣ ಮುಂದುವರಿಸಿದರು. "2019ರಲ್ಲಿ ಟ್ಯಾಗ್ ಬಂತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಜಗಳ ಇಲ್ಲದೆ ಹಂಚಿಕೊಂಡಿದ್ದಾರೆ, ಅದು ನಿಜಕ್ಕೂ ಚೆಂದ. 2025ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಮಿಲಾನ್‌ನ ಫ್ಯಾಷನ್ ಶೋನಲ್ಲಿ ಅದೇ ಥರದ ಚಪ್ಪಲಿ ಹಾಕಿಸಿ ಹುಡುಗರನ್ನು ನಡೆಸಿದರು. ಕೊಲ್ಹಾಪುರಿ ಅಂತ ಅನ್ನಲೇ ಇಲ್ಲ, ಚರ್ಮದ ಚಪ್ಪಲಿ ಅಂದರು. ನಿನ್ನ ಟ್ಯಾಗ್ ಕಾಯೋದು ಹೆಸರನ್ನ. ಹೆಸರೇ ಎತ್ತದೆ ಎತ್ತಿಕೊಂಡು ಹೋದರೆ?"

"ಆಮೇಲೆ ಸ್ಫೂರ್ತಿ ಭಾರತದ್ದೇ ಅಂತ ಒಪ್ಪಿಕೊಂಡರಲ್ಲ!"

"ಒಪ್ಪಿಸಿದ್ದು ಜನರ ಗಲಾಟೆ. ಗಲಾಟೆಗೆ ಟ್ಯಾಗ್ ಬೇಡ. ಅದರಲ್ಲಿ ನಾವು ಯಾವತ್ತೂ ಸ್ವಾವಲಂಬಿಗಳು."

ರಂಗಣ್ಣನಿಗೆ ಇದು ಸರಿ ಬರಲಿಲ್ಲ. ಹಾಗಾದರೆ ಯಾವುದಕ್ಕೂ ಟ್ಯಾಗ್ ಬೇಡವೇ ಎಂದು ಕೇಳಿದರು. ಶೇಷಣ್ಣ ತಕ್ಷಣ ಉತ್ತರ ಕೊಡಲಿಲ್ಲ. ಇದು ಅಪರೂಪ.

"ಬೇಕು ರಂಗಣ್ಣ. ಹೆಸರು ಕಳ್ಳರ ಪಾಲಾಗಬಾರದು. ಬೀದರಿನ ಬಿದರಿ ಕೆಲಸ ಇದೆಯಲ್ಲ, ಅದಕ್ಕೂ ಟ್ಯಾಗ್ ಇದೆ. ಸತು, ತಾಮ್ರದ ಪಾತ್ರೆ, ಮೇಲೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಅದು ಕಪ್ಪಾಗೋದು ಹೇಗೆ ಗೊತ್ತಾ? ಕೋಟೆಯೊಳಗೆ ಬಿಸಿಲು ಮಳೆ ಬೀಳದ ಕಡೆಯ ಹಳೇ ಮಣ್ಣು ತಂದು ನವಸಾಗರದ ಜೊತೆ ನೀರಲ್ಲಿ ಕುದಿಸುತ್ತಾರೆ. ಪಾತ್ರೆ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಯಾವ ಮಣ್ಣು ಆಗುತ್ತೆ ಅಂತ ಕೆಲಸಗಾರ ಚಿಟಿಕೆ ತಗೊಂಡು ನಾಲಿಗೆ ಮೇಲೆ ಇಟ್ಟು ನೋಡುತ್ತಾನೆ. ಟ್ಯಾಗನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬಹುದು. ಆ ನಾಲಿಗೆಯನ್ನ ಯಾವ ಕಚೇರಿಯಲ್ಲಿ ನವೀಕರಿಸ್ತೀರ? ಮಗ ಬೇರೆ ಊರಲ್ಲಿ ಬೇರೆ ಕೆಲಸಕ್ಕೆ ಸೇರಿಕೊಂಡರೆ ಮುಗೀತು. ನೀವು ಹಾಕಿದ ಬೀಗ ಭದ್ರವಾಗೇ ಇರುತ್ತೆ, ಒಳಗೆ ಯಾರೂ ಇರಲ್ಲ."

ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ. ಮುರಳಿ ಸುಮ್ನೆ ಪೆನ್ನಿನ ಕ್ಯಾಪ್ ತೆಗೆದು ಹಾಕಿ ಮಾಡುತ್ತಿದ್ದ.

"ಅದಿರಲಿ ಪುಟ್ಟಸ್ವಾಮಿ," ಸರೋಜಕ್ಕ ಕೇಳಿದರು, "ನಿಮ್ಮ ಮನೇಲಿ ಕೊನೇ ಸಲ ಬಸ್ಸಾರು ಮಾಡಿದ್ದು ಯಾವಾಗ?"

ಪುಟ್ಟಸ್ವಾಮಿ ಚಾವಣಿ ನೋಡಿದ. "ಅವ್ವ ಬಂದಾಗ... ಯುಗಾದಿಗೋ, ಅದರ ಹಿಂದಿನದಕ್ಕೋ. ಇವಳಿಗೆ ಆಫೀಸು. ನನಗೆ ಬರಲ್ಲ. ಬೇಕು ಅನ್ನಿಸಿದರೆ ಆ್ಯಪ್‌ನಲ್ಲಿ ತರಿಸ್ತೀವಿ. ಡಬ್ಬಿ ಮೇಲೆ ಮಂಡ್ಯ ಸ್ಟೈಲ್ ಅಂತಾನೇ ಬರೆದಿರುತ್ತೆ."

"ರುಚಿ?"

"ಡಬ್ಬಿ ಚೆನ್ನಾಗಿರುತ್ತೆ."

"ಭಾನುವಾರ ನಮ್ಮನೆಗೆ ಬಾ. ದಂಟಿನ ಸೊಪ್ಪು ತರಿಸಿರ್ತೀನಿ, ಕೂತು ಬಿಡಿಸು. ಕಟ್ಟಿನ ರುಚಿ ನೀನೇ ನೋಡುವಿಯಂತೆ."

"ಅಧ್ಯಕ್ಷ ಆಗಬೇಕಾದವನು ಸೊಪ್ಪು ಬಿಡಿಸೋದಾ ಅಕ್ಕ?"

"ಬಿಡಿಸಿದ ಮೇಲೆ ಸದಸ್ಯ. ರುಬ್ಬಿದರೆ ಕಾರ್ಯದರ್ಶಿ. ಅಧ್ಯಕ್ಷ ಸ್ಥಾನ ನಿಮ್ಮವ್ವನಿಗೆ ಇರಲಿ."

ಮುರಳಿ ತಾನೂ ಬರುವುದಾಗಿ ಹೇಳಿದ. ಅರ್ಜಿಯಲ್ಲಿ ತಪಾಸಣಾ ಸಂಸ್ಥೆ ಅಂತ ಇನ್ನೊಂದು ಕಾಲಂ ಇದೆಯಂತೆ, ಅದಕ್ಕೆ ಯಾರಾದರೂ ಊಟ ಮಾಡಲೇಬೇಕಂತೆ. ಶೇಷಣ್ಣ ಮುದ್ದೆ ಎಷ್ಟು ಅಂತ ವಿಚಾರಿಸಿದರು.

"ನಾನೂ ಬರ್ತೀನಿ," ಅಂದರು ರಂಗಣ್ಣ, ಪೇಪರ್ ಮಡಚುತ್ತಾ. "ಆಕ್ಷೇಪಣೆಗೆ ಮೂರು ತಿಂಗಳು ಕಾಯೋಕೆ ಆಗಲ್ಲ. ಎಲೆ ಮುಂದೆ ಕೂತೇ ಹಾಕ್ತೀನಿ."